ಎಣಿಸಿದ ಲೆಕ್ಕ, ನಂಬಿದ ಮಾತು

ಚಾಮ್‌ಸ್ಕಿ ಪುಸ್ತಕ ಇನ್ನೂ ಶೆಲ್ಫ್‌ನಲ್ಲಿ ಇಟ್ಟಿದ್ದೀಯಾ ಅಂತ ಮೊನ್ನೆ ಗೆಳತಿ ಕೇಳಿದಳು. ಕೋಪದಲ್ಲೇ ಕೇಳಿದಳು. ಕೋಪ ಬರಬೇಕಾದ್ದೇ. ಅಮೆರಿಕದ ಸಿರಿವಂತ ಹಣಕಾಸುಗಾರ ಜೆಫ್ರಿ ಎಪ್‌ಸ್ಟೀನ್ 2008ರಲ್ಲೇ, ಅಪ್ರಾಪ್ತ ಹುಡುಗಿಯನ್ನು ವೇಶ್ಯಾವಾಟಿಕೆಗೆ ಎಳೆದ ತಪ್ಪು ಒಪ್ಪಿಕೊಂಡು ಜೈಲಿಗೆ ಹೋಗಿದ್ದವನು. ಅಷ್ಟೆಲ್ಲ ಆದ ಮೇಲೆ, 2015 ಮತ್ತು 2016ರಲ್ಲಿ, ಅಮೆರಿಕದ ಭಾಷಾವಿಜ್ಞಾನಿ, ಚಿಂತಕ ನೋಮ್ ಚಾಮ್‌ಸ್ಕಿ ಅವನನ್ನು ಭೇಟಿಯಾಗಿದ್ದರು. 2023ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಈ ಬಗ್ಗೆ ಕೇಳಿದಾಗ, ಇದು ನಿಮಗೆ ಬೇಕಾದ ವಿಷಯವಲ್ಲ ಅಂತ ಮೊದಲು ಉತ್ತರ ಕೊಟ್ಟರು. ದೊಡ್ಡವರನ್ನು ಪ್ರಶ್ನಿಸಿ ಅಂತ ಜೀವನವಿಡೀ ಹೇಳಿದವರು ಹೀಗಂದದ್ದು ನನಗೆ ನಿಜಕ್ಕೂ ನೋವು ತಂದಿತು. ಅದನ್ನು ಸಮರ್ಥಿಸುವ ಮನಸ್ಸು ನನಗಿಲ್ಲ.

ಆದರೂ ಪುಸ್ತಕ ಶೆಲ್ಫ್‌ನಲ್ಲೇ ಇದೆ.

'ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್' ಬಂದದ್ದು 1988ರಲ್ಲಿ. ಅದರ ಮೇಲೆ ಮೊದಲ ಹೆಸರು ಚಾಮ್‌ಸ್ಕಿ ಅವರದ್ದಲ್ಲ, ಎಡ್ವರ್ಡ್ ಹರ್ಮನ್ ಅವರದು. ಪೆನ್ಸಿಲ್ವೇನಿಯಾದಲ್ಲಿ ಹಣಕಾಸು ಪಾಠ ಮಾಡುತ್ತಿದ್ದವರು. ಪತ್ರಿಕೆಯ ಮಾಲೀಕರು ಯಾರು, ಜಾಹೀರಾತು ಯಾರದು, ಸುದ್ದಿ ಕೊಡುವವರು ಯಾರು ಅಂತ, ಸುದ್ದಿಯನ್ನು ಸೋಸುವ ಒಂದೊಂದೇ ಜರಡಿಯನ್ನು ಇಬ್ಬರೂ ಹಿಡಿದು ತೋರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರಲ್ಲಿರುವ ಒಂದು ಕೋಷ್ಟಕ. 1984ರಲ್ಲಿ ಕಮ್ಯುನಿಸ್ಟ್ ಪೋಲೆಂಡ್‌ನ ಪೊಲೀಸರು ಪೊಪಿಯೆಲುಷ್ಕೊ ಎಂಬ ಪಾದ್ರಿಯನ್ನು ಕೊಂದರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಆ ಬಗ್ಗೆ 78 ಬರಹ. 1980ರಲ್ಲಿ, ಅಮೆರಿಕದ ಬೆಂಬಲವಿದ್ದ ಎಲ್ ಸಾಲ್ವಡಾರ್‌ನಲ್ಲಿ, ಆರ್ಚ್‌ಬಿಷಪ್ ರೊಮೇರೊ ಪೂಜೆ ಮಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಅವರ ಬಗ್ಗೆ ಅದೇ ಪತ್ರಿಕೆಯಲ್ಲಿ 16 ಬರಹ. ಇದನ್ನು ನಂಬಲು ಚಾಮ್‌ಸ್ಕಿ ಒಳ್ಳೆಯವರಾಗಿರಬೇಕಿಲ್ಲ, ಹಳೆಯ ಪತ್ರಿಕೆ ತೆಗೆದು ಯಾರು ಬೇಕಾದರೂ ಎಣಿಸಬಹುದು ಅಲ್ವಾ? ನಾನೂ ಒಂದು ವಾರ ನಮ್ಮ ಮನೆಗೆ ಬರುವ ಪೇಪರನ್ನು ನೆಲದ ಮೇಲೆ ಹರಡಿಕೊಂಡು, ಸ್ಕೇಲ್ ಇಟ್ಟು ಅಳೆದೆ. ಒಬ್ಬ ಪೌರಕಾರ್ಮಿಕನ ಸಾವು ಒಳಪುಟದಲ್ಲಿ ಎರಡು ಬೆರಳಿನಷ್ಟು ಜಾಗದಲ್ಲಿ ಮುಗಿದಿತ್ತು. ಅವತ್ತಿನಿಂದ ನಾನು ಪೇಪರ್ ಓದುವ ರೀತಿಯೇ ಬೇರೆ.

ಎಣಿಸಲಾಗದ, ಅವರ ಮಾತನ್ನೇ ನಂಬಬೇಕಾದ ಜಾಗಗಳೂ ಇವೆ. 1977ರಲ್ಲಿ ಇದೇ ಇಬ್ಬರು ಕಾಂಬೋಡಿಯಾ ಬಗ್ಗೆ ಬರೆದಾಗ, ಆಗ ಅಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್‌ನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರ ಮಾತನ್ನು ಅನುಮಾನದಿಂದಲೇ ನೋಡಿದರು. ಅಲ್ಲಿ ಸತ್ತವರು 15ರಿಂದ 20 ಲಕ್ಷ ಜನ. ನೊಂದವರ ಮಾತಿಗೆ ಯಾರು ಎಷ್ಟು ಬೆಲೆ ಕೊಡುತ್ತಾರೆ ಅನ್ನುವ ಪ್ರಶ್ನೆ ಬಂದಾಗ ಮನುಷ್ಯನ ಗುಣವೂ ಲೆಕ್ಕಕ್ಕೆ ಬರುತ್ತದೆ. ಎಪ್‌ಸ್ಟೀನ್ ವಿಷಯ ನನ್ನನ್ನು ಜಾಸ್ತಿ ಕಾಡುವುದು ಅದಕ್ಕೇ. ಅಲ್ಲೂ ಹುಡುಗಿಯರು ಮಾತಾಡಿದ್ದರು.

ಆ ಮಾತನ್ನು ಕೇಳಿಸಿಕೊಂಡದ್ದು ಯಾರು? ಜಾಹೀರಾತು ನಂಬಿಕೊಂಡ, ಕಂಪನಿಯೊಂದರ ಒಡೆತನದ ಪತ್ರಿಕೆ, ಮಯಾಮಿ ಹೆರಾಲ್ಡ್. ಅದರ ವರದಿಗಾರ್ತಿ ಜೂಲಿ ಬ್ರೌನ್ ಸುಮಾರು 80 ಸಂತ್ರಸ್ತೆಯರನ್ನು ಗುರುತಿಸಿ, 2018ರ ನವೆಂಬರ್‌ನಲ್ಲಿ ಸರಣಿ ಬರೆದರು. ಮುಂದಿನ ಜುಲೈಯಲ್ಲಿ ಎಪ್‌ಸ್ಟೀನ್ ಮತ್ತೆ ಅರೆಸ್ಟ್ ಆದ. ಹತ್ತು ವರ್ಷ ಬಹುಪಾಲು ಪತ್ರಿಕೆಗಳು ಸುಮ್ನೆ ಇದ್ದದ್ದನ್ನು ಆ ಜರಡಿಗಳು ವಿವರಿಸಬಲ್ಲವು. ಒಬ್ಬ ವರದಿಗಾರ್ತಿ ಅವನ್ನೆಲ್ಲ ದಾಟಿ ಹೋದದ್ದು ಹೇಗೆ ಅನ್ನುವುದಕ್ಕೆ ಪುಸ್ತಕದಲ್ಲಿ ನನಗೆ ಸಾಕಾಗುವ ಉತ್ತರ ಸಿಕ್ಕಿಲ್ಲ. ಗೆಳತಿಗೆ ಪುಸ್ತಕ ಕೊಟ್ಟಿದ್ದೇನೆ, ಕೋಷ್ಟಕದ ಪುಟ ಮಡಚಿ. ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಿಂದ 'ಮಯಾಮಿ ಹೆರಾಲ್ಡ್, 2018' ಅಂತ ಬರೆದಿದ್ದೇನೆ.