ಗುಡ್ಡದ ನೆತ್ತಿಯಿಂದ ಹಣೆಗೆ

2025 ಡಿಸೆಂಬರ್ 21, ಭಾನುವಾರ

ವರ್ಷದ ಅತಿ ಚಿಕ್ಕ ಹಗಲಿನ ನೆರಳನ್ನು ಲೆಕ್ಕದ ಹಾಳೆಯಲ್ಲಿ ನೋಡುವುದಕ್ಕೂ ನೆಲದ ಮೇಲೆ ನೋಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಇಂದು ಮನವರಿಕೆಯಾಯಿತು. ನಾವು ಮೂರು ವಿಲ್ಲಾಗಳ ನಕ್ಷೆ ಸಿದ್ಧಪಡಿಸುತ್ತಿರುವ ಗುಡ್ಡಕ್ಕೆ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಲಾಗುವವರೆಗೂ ಅಲ್ಲಿಯೇ ಇದ್ದೆ. ಜಾಗ ಸುಮಾರು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನೆಲ ಉತ್ತರಕ್ಕೆ ಪ್ರತಿ ಆರು ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ. ಇಳಿಜಾರಿನ ಕೆಳಗೆ ಹೊಲಗಳು, ಕಣಿವೆ, ಕಣಿವೆಯ ಆಚೆ ಒಂದು ಹಳ್ಳಿ, ಅದರ ಹಿಂದೆ ಪರ್ವತಸಾಲು. ಮನೆ ಕಟ್ಟಿಸುವವರು ಈ ಜಾಗವನ್ನು ಕೊಂಡಿರುವುದೇ ಆ ಪರ್ವತದ ನೋಟಕ್ಕಾಗಿ. ಆದರೆ ಪರ್ವತ ಇರುವುದು ಉತ್ತರಕ್ಕೆ, ಚಳಿಗಾಲದ ಬಿಸಿಲು ಬರುವುದು ದಕ್ಷಿಣದಿಂದ. ಈ ಕೆಲಸದ ಕಷ್ಟವೆಲ್ಲ ಇಷ್ಟರಲ್ಲೇ ಇದೆ.

ಬೆಳಗಿನ ಆರು ಗಂಟೆಗೆ ಮೂರು ಕಡೆ ಉಷ್ಣಮಾಪಕ ಹಿಡಿದು ನೋಡಿದೆ. ಕೆಳಗಿನ ತಗ್ಗಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ಪಾದರಸ ಸೊನ್ನೆಗಿಂತ 2 ಡಿಗ್ರಿ ಕೆಳಗಿತ್ತು. ಇಳಿಜಾರಿನ ಮೇಲಿನ ಭಾಗದಲ್ಲಿ, ಅಂದರೆ ನೆತ್ತಿಗಿಂತ ಹತ್ತು ಹನ್ನೆರಡು ಮೀಟರ್ ಕೆಳಗೆ, ಸೊನ್ನೆಗಿಂತ 2 ಡಿಗ್ರಿ ಮೇಲಿತ್ತು. ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಂಪಾಗುತ್ತದೆ ಎಂದು ಓದಿರುವವರಿಗೆ ಇದು ತಲೆಕೆಳಗಾಗಿ ತೋರಬಹುದು. ಆದರೆ ಮೋಡವಿಲ್ಲದ ರಾತ್ರಿಯಲ್ಲಿ ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲಿನ ಪಟ್ಟಿ ಬೆಚ್ಚಗೆ ಉಳಿಯುತ್ತದೆ. ನೆತ್ತಿಯ ಮೇಲೆ ನಿಂತಾಗ ಉಷ್ಣಮಾಪಕ ಹೆಚ್ಚೇನೂ ಇಳಿಯಲಿಲ್ಲ, ಆದರೆ ಗಾಳಿ ಕಿವಿಯನ್ನು ಕೊರೆಯುತ್ತಿತ್ತು. ಗೋಡೆಯ ಸಂದುಗಳಿಂದ ಮನೆಯ ಶಾಖವನ್ನು ಎಳೆದೊಯ್ಯುವುದು ಆ ಗಾಳಿಯೇ. ನಮ್ಮ ಮೊದಲ ನಕ್ಷೆಯಲ್ಲಿ ಮೂರೂ ಮನೆಗಳು ನೆತ್ತಿಯ ಮೇಲೆಯೇ ಇದ್ದವು.

ಮಧ್ಯಾಹ್ನ ಸೂರ್ಯ ತನ್ನ ಅತಿ ಎತ್ತರಕ್ಕೆ ಬರುವ ಹೊತ್ತಿಗೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದೆ. ಇಂದು ಇಲ್ಲಿ ಸೂರ್ಯ ಏರುವುದು ದಿಗಂತದಿಂದ 36.5 ಡಿಗ್ರಿಯವರೆಗೆ ಮಾತ್ರ. ಮಟ್ಟ ನೆಲವಾಗಿದ್ದರೆ ನೆರಳು 1.35 ಮೀಟರ್ ಬೀಳಬೇಕಿತ್ತು. ಉತ್ತರಕ್ಕೆ ಜಾರುವ ಈ ನೆಲದಲ್ಲಿ ಅದು ಸುಮಾರು 1.75 ಮೀಟರ್ ಚಾಚಿಕೊಂಡಿತು. ಒಂದರ ಹಿಂದೆ ಒಂದು ಮನೆ ನಿಲ್ಲಿಸಿದರೆ ಮೇಲಿನ ಮನೆ ಕೆಳಗಿನ ಮನೆಯ ಬಿಸಿಲನ್ನು ಎಷ್ಟು ದೂರದವರೆಗೆ ಕಸಿದುಕೊಳ್ಳುತ್ತದೆ ಎಂಬುದಕ್ಕೆ ಆ ಕೋಲಿಗಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಹಾಗಾಗಿ ಮನೆಗಳು ಸಮೋನ್ನತ ರೇಖೆಯ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಯ, ಉದ್ದಕ್ಕೆ ಅಕ್ಕಪಕ್ಕದಲ್ಲಿ ಬರಬೇಕು, ಮೇಲೆ ಕೆಳಗೆ ಅಲ್ಲ.

ಮನೆಯ ದಕ್ಷಿಣದ ಬೆನ್ನು ಗುಡ್ಡದೊಳಗೆ ಅರ್ಧ ಹುದುಗಿರುವಾಗ ಬಿಸಿಲು ಒಳಗೆ ಬರುವುದು ಹೇಗೆ? ಇದಕ್ಕೆ ನಾನು ಒಪ್ಪಿಕೊಂಡಿರುವ ಉತ್ತರವೆಂದರೆ ಬೆನ್ನಿನ ಗೋಡೆಯ ಮೇಲ್ಭಾಗದಲ್ಲಿ, ಮಣ್ಣಿನ ಮಟ್ಟಕ್ಕಿಂತ ಮೇಲೆ, ಉದ್ದಕ್ಕೂ ಒಂದು ಬೆಳಕಿಂಡಿ. ಒಳನೆಲದಿಂದ 3.5 ಮೀಟರ್ ಎತ್ತರದಲ್ಲಿ ಒಳಬರುವ ಬಿಸಿಲು ಈ ದಿನ ಮಧ್ಯಾಹ್ನ ಗೋಡೆಯಿಂದ 4.7 ಮೀಟರ್ ದೂರದವರೆಗೆ ಕಲ್ಲಿನ ನೆಲವನ್ನು ಮುಟ್ಟುತ್ತದೆ. ಕಲ್ಲು ಆ ಶಾಖವನ್ನು ಹಿಡಿದಿಟ್ಟುಕೊಂಡು ಸಂಜೆಯ ನಂತರ ನಿಧಾನವಾಗಿ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಇದೇ ಬೆಳಕಿಂಡಿ ಶತ್ರುವಾಗಬಾರದು ಎಂದರೆ 60 ಸೆಂಟಿಮೀಟರ್ ಸೂರು ಸಾಕು: ಜೂನ್ ತಿಂಗಳ ಕೊನೆಯ ಭಾಗದಲ್ಲಿ ಮಧ್ಯಾಹ್ನದ ಸೂರ್ಯ 83.5 ಡಿಗ್ರಿಗೆ ಏರುವುದರಿಂದ ಅಷ್ಟು ಸೂರಿನ ನೆರಳು ಗೋಡೆಯ ಮೇಲೆ ಐದು ಮೀಟರಿಗೂ ಹೆಚ್ಚು ಇಳಿಯುತ್ತದೆ, ಇಂದು ಇಳಿಯುವುದು 44 ಸೆಂಟಿಮೀಟರ್ ಮಾತ್ರ. ಯಂತ್ರವಿಲ್ಲದೆ, ಗುಂಡಿ ಒತ್ತದೆ, ಒಂದು ಸೂರು ಎರಡು ಋತುಗಳನ್ನು ಬೇರೆ ಬೇರೆಯಾಗಿ ನಡೆಸಿಕೊಳ್ಳುವುದನ್ನು ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ.

ಉತ್ತರದ ಗೋಡೆಯ ವಿಷಯದಲ್ಲಿ ಮನೆಯ ಯಜಮಾನರೊಂದಿಗೆ ಇನ್ನೂ ಒಮ್ಮತ ಮೂಡಿಲ್ಲ. ನೆಲದಿಂದ ಮಾಡಿನವರೆಗೆ ಗಾಜು ಬೇಕು ಎಂಬುದು ಅವರ ಆಸೆ, ಅದು ತಪ್ಪೂ ಅಲ್ಲ. ಅವರಿಗಾಗಿ ಲೆಕ್ಕ ಬರೆದುಕೊಂಡೆ. ಒಳಗೆ ಹೊರಗೆ 20 ಡಿಗ್ರಿ ಅಂತರವಿರುವ ರಾತ್ರಿಯಲ್ಲಿ 12 ಚದರ ಮೀಟರ್ ಒಂಟಿ ಗಾಜಿನಿಂದ ಸುಮಾರು 1,370 ವ್ಯಾಟ್ ಶಾಖ ಸೋರುತ್ತದೆ. ಶಾಖ ತಡೆಯುವ ಲೇಪನ ಮತ್ತು ನಡುವೆ ಆರ್ಗಾನ್ ಅನಿಲವಿರುವ ಉತ್ತಮ ಜೋಡಿ ಗಾಜಾದರೆ ಸುಮಾರು 265 ವ್ಯಾಟ್. ಅಷ್ಟೇ ಅಗಲದ, ಚೆನ್ನಾಗಿ ಹೊದಿಕೆ ಹಾಕಿದ ಗೋಡೆಯಾದರೆ 36 ವ್ಯಾಟ್. ದಕ್ಷಿಣದ ಗಾಜು ಕಳೆದುಕೊಂಡದ್ದನ್ನು ಹಗಲಿನಲ್ಲಿ ಗಳಿಸುತ್ತದೆ, ಉತ್ತರದ ಗಾಜಿಗೆ ಆ ಗಳಿಕೆ ಇಲ್ಲ. ಇನ್ನೊಂದು ಕಾರಣವೂ ಇದೆ, ಅದು ಶಕ್ತಿಯ ಲೆಕ್ಕದ ಹೊರಗಿನದು: ಇಡೀ ಪರ್ವತವನ್ನೂ ಆಕಾಶವನ್ನೂ ಪ್ರತಿಫಲಿಸುವ ಗಾಜಿನ ಗೋಡೆಯನ್ನು ಹಕ್ಕಿಗಳು ತೆರೆದ ಬಯಲೆಂದೇ ತಿಳಿದು ಬಂದು ಅಪ್ಪಳಿಸುತ್ತವೆ. ಅದರ ಬದಲು ಕುಳಿತವರ ಕಣ್ಣಿನ ಎತ್ತರಕ್ಕೆ ಒಂದು ಅಗಲವಾದ ಕಿಟಕಿ, ದಪ್ಪ ಗೋಡೆಯಲ್ಲಿ ಒಳಸರಿದು, ಕೂರಲು ಜಗಲಿಯಿರುವಂಥದ್ದು, ಪರ್ವತವನ್ನು ಚೌಕಟ್ಟಿನೊಳಗೆ ತಂದು ಕೊಡುತ್ತದೆ. ಸದಾ ಎದುರಿಗೇ ಇರುವುದಕ್ಕಿಂತ ಹತ್ತಿರ ಹೋಗಿ ನೋಡುವ ಪರ್ವತವೇ ಹೆಚ್ಚು ಕಾಲ ಕಾಡುತ್ತದೆ ಎಂದು ನನ್ನ ನಂಬಿಕೆ.

ಮಧ್ಯಾಹ್ನದ ನಂತರ ಕಣಿವೆ ದಾಟಿ ಆಚೆಯ ಹಳ್ಳಿಯ ದಾರಿಯಲ್ಲಿ ನಿಂತು ನಮ್ಮ ಗುಡ್ಡವನ್ನು ನೋಡಿದೆ. ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಡಕ್ಕೆ ಅನುಮತಿ ಕೇಳುವವರು ಅದರ ಎತ್ತರ ಮತ್ತು ಆಕಾರವನ್ನು ತೋರಿಸುವ ಕಂಬಗಳನ್ನು ಮೊದಲೇ ಜಾಗದಲ್ಲಿ ನಿಲ್ಲಿಸುವ ಪದ್ಧತಿಯಿದೆ. ನೆರೆಹೊರೆಯವರು ನಕ್ಷೆ ಓದಲು ಬಾರದಿದ್ದರೂ ಮನೆಯನ್ನು ಕಾಣಬಹುದು. ಅದನ್ನೇ ಅನುಸರಿಸಿ ನಾವು ಕಳೆದ ವಾರ ಬಿದಿರಿನ ಗಳು ನೆಟ್ಟು ತುದಿಗೆ ಬಿಳಿ ಬಟ್ಟೆ ಕಟ್ಟಿದ್ದೆವು. ಹತ್ತಿರದಿಂದ ಸಾಧಾರಣವಾಗಿ ಕಾಣುತ್ತಿದ್ದ ಆ ಗಳುಗಳು ಆಚೆಯಿಂದ ನೋಡಿದಾಗ ಗುಡ್ಡದ ಅಂಚನ್ನು ಮೂರು ಕಡೆ ಮುರಿದಿದ್ದವು. ತಮ್ಮ ಬಾಗಿಲಿನಿಂದ ದಿನವೂ ಆ ಅಂಚನ್ನು ನೋಡುವವರಿಗೆ ನಮ್ಮ ಮೂರು ಮನೆಗಳೇ ಇನ್ನು ಮುಂದೆ ದೃಶ್ಯವಾಗುತ್ತವೆ ಎಂಬ ವಿಚಾರ ನನ್ನನ್ನು ಬಹಳ ಹೊತ್ತು ಅಲ್ಲಿಯೇ ನಿಲ್ಲಿಸಿತು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1911ರಲ್ಲಿ ವಿಸ್ಕಾನ್ಸಿನ್‌ನಲ್ಲಿ ತಮ್ಮ ಮನೆಯನ್ನು ಗುಡ್ಡದ ತುದಿಯ ಮೇಲೆ ಕಟ್ಟದೆ ಅದರ ಸುತ್ತಿನ ಅಂಚಿನಲ್ಲಿ ಕಟ್ಟಿ, ಟ್ಯಾಲಿಸಿನ್ ಎಂದು ಹೆಸರಿಟ್ಟರು; ವೆಲ್ಷ್ ಭಾಷೆಯಲ್ಲಿ ಅದಕ್ಕೆ ಹೊಳೆಯುವ ಹಣೆ ಎಂಬ ಅರ್ಥವಿದೆ. ಬೆಳಿಗ್ಗೆ ಉಷ್ಣಮಾಪಕ ಬೆಚ್ಚಗಿದೆ ಎಂದು ತೋರಿಸಿದ್ದೂ ನಮ್ಮ ಗುಡ್ಡದ ಹಣೆಯನ್ನೇ. ಗಾಳಿಯಿಂದ ಮರೆ ಮತ್ತು ಕಣ್ಣಿನಿಂದ ಮರೆ ಒಂದೇ ಜಾಗದಲ್ಲಿ ಸಿಗುತ್ತಿರುವಾಗ ಇನ್ನು ಯೋಚಿಸಲು ಏನೂ ಉಳಿದಿರಲಿಲ್ಲ.

ಪರಿಸರದಲ್ಲಿ ಬೆರೆಯುವ ಮನೆ ಎಂದೊಡನೆ ಹಳೆಯ ರೈತಮನೆಯ ಅನುಕರಣೆ ಎಂದು ಭಾವಿಸಬೇಕಿಲ್ಲ. ಸ್ವಿಟ್ಜರ್ಲೆಂಡಿನ ವಾಲ್ಸ್ ಹಳ್ಳಿಯಲ್ಲಿ 2009ರ ಹೊತ್ತಿಗೆ ಪೂರ್ಣಗೊಂಡ ವಿಲ್ಲಾ ವಾಲ್ಸ್ ಗುಡ್ಡದೊಳಗೆ ಹುದುಗಿದೆ; ಇಳಿಜಾರಿನಲ್ಲಿ ಕೊರೆದ ಒಂದು ದುಂಡನೆಯ ಅಂಗಳದ ಕಡೆಗೆ ಅದರ ಕಿಟಕಿಗಳೆಲ್ಲ ತೆರೆದುಕೊಂಡಿವೆ, ಒಳಗೆ ಹೋಗುವ ದಾರಿ ಪಕ್ಕದ ಹಳೆಯ ಕೊಟ್ಟಿಗೆಯಿಂದ ಸುರಂಗವಾಗಿ ಸಾಗುತ್ತದೆ. ಆಸ್ಟ್ರಿಯಾದ ಶ್ಲಿನ್ಸ್‌ನಲ್ಲಿ ಮಣ್ಣಿನ ಕಟ್ಟಡಗಳನ್ನು ಕಟ್ಟುವ ಮಾರ್ಟಿನ್ ರೌಖ್ ಕಡಿದಾದ ಇಳಿಜಾರಿನಲ್ಲಿ ಕಟ್ಟಿದ ತಮ್ಮ ಮನೆಗೆ, ಅಡಿಪಾಯಕ್ಕಾಗಿ ಅಗೆದ ಮಣ್ಣನ್ನೇ ಒತ್ತಿ ಗೋಡೆಯೆಬ್ಬಿಸಿದರು. ಮಳೆ ನೀರು ಗೋಡೆಯನ್ನು ಕೊರೆಯದಂತೆ ವೇಗ ತಗ್ಗಿಸಲು ನಡುನಡುವೆ ಸುಟ್ಟ ಇಟ್ಟಿಗೆಯ ಸಾಲುಗಳನ್ನು ಹೊರಚಾಚಿಸಿದ್ದಾರೆ. ಎರಡೂ ಅಪ್ಪಟ ಇಂದಿನ ಮನೆಗಳು. ನಮ್ಮಲ್ಲಿಯೂ ಅಗೆತದಲ್ಲಿ ಬರುವ ಕಲ್ಲು ಮಣ್ಣು ಹೊರಗೆ ಸಾಗಬಾರದು: ಕಲ್ಲು ಗೋಡೆಗೆ, ಮೇಲ್ಮಣ್ಣು ಮಾಡಿನ ಹುಲ್ಲಿಗೆ. ಬೆನ್ನಿನ ಗೋಡೆಯ ಹಿಂದೆ ಜಲ್ಲಿ ತುಂಬಿ ಬುಡದಲ್ಲಿ ತೂತುಗಳಿರುವ ಪೈಪು ಹಾಕಿ ನೀರಿಗೆ ದಾರಿ ಮಾಡಿಕೊಡದಿದ್ದರೆ ಬಾಕಿ ಎಲ್ಲ ಜಾಣ್ಮೆಯೂ ಮೊದಲ ಮಳೆಗಾಲದಲ್ಲೇ ಒದ್ದೆಯಾಗುತ್ತದೆ. ಅಂಗಳದ ಹಂತಗಳಿಗೆ ಗಾರೆಯಿಲ್ಲದೆ ಕಲ್ಲು ಜೋಡಿಸುವ ಕಟ್ಟೆಗಳೇ ಸರಿ. ಅವುಗಳ ಸಂದಿನಿಂದ ನೀರು ತಾನಾಗಿಯೇ ಹರಿದುಹೋಗುತ್ತದೆ.

ಒಂದು ವಿಷಯವನ್ನು ಮನೆಯವರ ಮುಂದೆ ಸಂಕೋಚವಿಲ್ಲದೆ ಇಡಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ, ಬಹಳ ಕಡಿಮೆ ಶಕ್ತಿಯಲ್ಲಿ ಬೆಚ್ಚಗಿರುವ ಮೊದಲ ಪ್ಯಾಸಿವ್ ಹೌಸ್‌ನಿಂದ ಬೆಳೆದುಬಂದ ಮಾನದಂಡ, ಮನೆ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 15 ಕಿಲೋವ್ಯಾಟ್ ಗಂಟೆಯ ಮಿತಿ ಹಾಕುತ್ತದೆ. ಅದನ್ನು ಮುಟ್ಟಿದ 400 ಚದರ ಮೀಟರಿನ ವಿಲ್ಲಾ ವರ್ಷಕ್ಕೆ 6,000 ಕಿಲೋವ್ಯಾಟ್ ಗಂಟೆ ಬಳಸುತ್ತದೆ. ಅದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಸೋರುವ, ಚದರ ಮೀಟರಿಗೆ 50ರ ಲೆಕ್ಕದ, 100 ಚದರ ಮೀಟರಿನ ಮನೆಗೆ 5,000 ಸಾಕು. ಚದರ ಮೀಟರಿನ ಅಳತೆ ಮನೆಯ ಗಾತ್ರವನ್ನು ಮರೆಮಾಚುತ್ತದೆ. ಪ್ರತಿ ಮನೆಯಿಂದ ಎರಡು ಕೋಣೆಗಳನ್ನು ತೆಗೆದು, ಅತಿಥಿಗಳಿಗಾಗಿ ಮೂರೂ ಮನೆಗಳಿಗೆ ಸೇರಿದ ಒಂದೇ ಭಾಗ ಕಟ್ಟಬಹುದೆಂದು ಸೂಚಿಸುತ್ತೇನೆ. ವರ್ಷಕ್ಕೆ ಕೆಲವೇ ವಾರ ಬರುವವರಾದರೆ ಆ ಕೋಣೆಗಳಿಗೆ ಭಾರಿ ಕಲ್ಲಿನ ಒಳಮೈ ಬೇಡ, ಬೇಗ ಬಿಸಿಯಾಗುವ ಮರದ ಹೊದಿಕೆ ಇರಲಿ. ತಣ್ಣಗಾದ ಕಲ್ಲು ಬೆಚ್ಚಗಾಗುವಷ್ಟರಲ್ಲಿ ಅವರು ಹೊರಡುವ ದಿನವೇ ಬಂದಿರುತ್ತದೆ.

ಐದೂವರೆಯ ಹೊತ್ತಿಗೆ ಕತ್ತಲು ಕವಿಯಿತು. ಪರ್ವತದ ಕಡೆ ಒಂದು ದೀಪವೂ ಇರಲಿಲ್ಲ, ಹಳ್ಳಿಯಲ್ಲಿ ಏಳೆಂಟು ದೀಪಗಳು ಹತ್ತಿಕೊಂಡವು. ಉತ್ತರದ ಕಿಟಕಿಗಳಿಗೆ ಹೊರಗಿನಿಂದ ಜಾರುವ ದಪ್ಪ ಮರದ ಬಾಗಿಲುಗಳನ್ನು ನಕ್ಷೆಯಲ್ಲಿ ಸೇರಿಸಬೇಕೆಂದು ಅಲ್ಲಿಯೇ ಗುರುತು ಹಾಕಿಕೊಂಡೆ. ಶಾಖ ಒಳಗೂ ಬೆಳಕು ಒಳಗೂ ಉಳಿಯಲು ಅದೊಂದೇ ಬಾಗಿಲು ಸಾಕು. ನಾಳೆ ಬೆಳಿಗ್ಗೆ ಗಳುಗಳನ್ನು ಕಿತ್ತು ಹನ್ನೆರಡು ಮೀಟರ್ ಕೆಳಗೆ ನೆಡಲು ಮೇಸ್ತ್ರಿಗೆ ಹೇಳಿದ್ದೇನೆ. ನೆಟ್ಟ ಮೇಲೆ ಯಜಮಾನರನ್ನೇ ಹಳ್ಳಿಯ ದಾರಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ತೋರಿಸುತ್ತೇನೆ.