ಸಣ್ಣವ್ವನ ಜಾಬ್ ಕಾರ್ಡ್

ಇವತ್ತು ಗದಗ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಆಗಿ ಕೆಲವು ವರ್ಷ ಆಯ್ತು. ನೀರು ಈಗಲೂ ವಾರಕ್ಕೊಮ್ಮೆ. ನಳದ ಮುಂದೆ ಕೊಡಗಳ ಸಾಲು ಹಾಗೇ ಇದೆ.

ಸಣ್ಣವ್ವ ಟ್ರಂಕ್ ತೆಗೆದು ತನ್ನ ಜಾಬ್ ಕಾರ್ಡ್ ತೋರಿಸಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಾಳೆ, ಅಂಚೆಲ್ಲ ಸವೆದಿದೆ. ಕೆರೆ ಹೂಳೆತ್ತಿದ ದಿನಗಳ ಲೆಕ್ಕ ಅದರಲ್ಲಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಮನೆಗೆ ವರ್ಷಕ್ಕೆ 100 ದಿನದ ಕೆಲಸ ಅಂದಿತ್ತು. ಆದರೆ ಹಳ್ಳಿಗೆ ಮಾತ್ರ. ಊರು ಕಾಗದದಲ್ಲಿ ಪಟ್ಟಣವಾದಾಗ ಆ ಕೂಲಿ ನಿಂತೇ ಹೋಯ್ತು. "ನಾ ಯಾವಾಗ ಪ್ಯಾಟಿಯಾಕಿ ಆದೆ ತಮ್ಮಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಈಗ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾಳೆ. ಬೇರೆ ಊರಿನ ಹೊಲದಲ್ಲಿ ಕಳೆ ತೆಗೆಯೋ ಕೆಲಸ. ಮಳೆ ಹಿಡಿದರೆ ಅದೂ ಇಲ್ಲ.

ಪಟ್ಟಣ ಪಂಚಾಯಿತಿಗೆ ಮನೆ ತೆರಿಗೆಯೇ ಮುಖ್ಯ ಸ್ವಂತ ಆದಾಯ. ಕೂಲಿ ಮಾಡೋರ ಊರಲ್ಲಿ ಅದು ಎಷ್ಟು ಬರುತ್ತೆ? ಉಳಿದದ್ದಕ್ಕೆ ಮೇಲಿನ ಅನುದಾನ ಕಾಯಬೇಕು. ಊರಿನ ದರ್ಜೆ ಏರಿಸೋ ಮುಂಚೆ ಇಂಥ ಹೆಂಗಸರನ್ನ ಒಂದು ಮಾತು ಕೇಳಬೇಕಿತ್ತು ಅಲ್ವಾ? ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಕೂಡಿ ಸಹಕಾರ ಸಂಘ ಕಟ್ಟಿದ್ದರು. ಹಳ್ಳಿ ಜನಕ್ಕೆ ತಿಳಿಯಲ್ಲ ಅಂತ ಯಾರೂ ಹೇಳುವಂತಿಲ್ಲ.

ಹೊರಡುವಾಗ ಸಣ್ಣವ್ವ ಕಾರ್ಡನ್ನ ಮತ್ತೆ ಚೀಲದಲ್ಲಿ ಸುತ್ತಿ ಟ್ರಂಕ್‌ನ ತಳದಲ್ಲಿಟ್ಟಳು.