ಮೂಗಿಗೊಂದು ಚುಕ್ಕೆ, ಗದ್ದಕ್ಕೊಂದು ಚುಕ್ಕೆ

ಗುರುವಾರ, 12 ಜೂನ್ 2025, ರಾತ್ರಿ

ಅಮ್ಮ ಇನ್ನೂ ಮುಖ ತೊಳೆದಿಲ್ಲ. ಮೂಗಿನ ತುದಿಯಲ್ಲೊಂದು, ಗದ್ದದ ಮೇಲೊಂದು ನೀಲಿ ಚುಕ್ಕೆ ಹಾಗೇ ಇದೆ. ಬೆಳಿಗ್ಗೆ ಡಾಕ್ಟರಮ್ಮ ಪೆನ್ನಿನಲ್ಲಿ ಇಟ್ಟಿದ್ದು. "ಒರೆಸ್ಕೋ ಅಮ್ಮ" ಅಂದೆ. "ಇರ್ಲಿ ಬಿಡು, ಮತ್ತೆ ಅಳೀಬೇಕಾಗಿ ಬಂದ್ರೆ?" ಅಂದಳು. ಮುಂದಿನ ಸಲಕ್ಕೆ ಇನ್ನೂ ಆರು ದಿನ ಇದೆ ಅಂದರೂ ಕೇಳಲಿಲ್ಲ.

ಹಲ್ಲಿನ ಸೆಟ್ಟಿಗೆ ವಸಡಿನ ಅಚ್ಚು ತೆಗೆದರೆ ಮುಗೀತು ಅಂದುಕೊಂಡಿದ್ದೆ. ಅಚ್ಚು ಹೋದ ವಾರವೇ ಆಗಿತ್ತು. ಇವತ್ತು ಅಳೆದಿದ್ದು ಮುಖವನ್ನು.

"ತುಟಿ ಒದ್ದೆ ಮಾಡ್ಕೊಳ್ಳಿ. ಅಮ್ಮ ಅನ್ನಿ. ಅಂದು ಹಾಗೇ ಬಿಟ್ಬಿಡಿ, ಬಾಯಿ ಬಿಗೀಬೇಡಿ" ಅಂದರು ಡಾಕ್ಟರಮ್ಮ. ಅಮ್ಮ "ಅಮ್ಮ" ಅಂದಳು. ತುಟಿ ಮೆಲ್ಲಗೆ ಕೂಡಿದವು, ದವಡೆ ತನ್ನಷ್ಟಕ್ಕೆ ನಿಂತಿತು. ಡಾಕ್ಟರಮ್ಮ ಎರಡು ಚುಕ್ಕೆಗಳ ನಡುವೆ ಸ್ಕೇಲ್ ಹಿಡಿದರು. 66 ಮಿಲಿಮೀಟರ್. ಇನ್ನೊಂದು ಸಲ. 65. ಮತ್ತೊಂದು ಸಲ. 66. "ಮ" ಅನ್ನಲು ಹಲ್ಲು ಬೇಡ, ತುಟಿ ಇದ್ದರೆ ಸಾಕು. ಅದಕ್ಕೇ ಆ ಅಕ್ಷರ. ಅಷ್ಟು ನನಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಮಾತ್ರ ನನಗೆ ಕೇಳಿಸಿದ್ದು ಬೇರೆ. ಅಜ್ಜಿ ಹೋಗಿ ಇಪ್ಪತ್ತು ವರ್ಷ. ಅಮ್ಮ ಯಾರನ್ನಾದರೂ ಹಾಗೆ ಕರೆದು ಎಷ್ಟು ದಿನ ಆಗಿತ್ತೋ. ಮೂರನೇ ಸಲ ಅಂದಾಗ ದನಿ ಸ್ವಲ್ಪ ಇಳಿದಿತ್ತು.

ಆಮೇಲೆ ವಸಡಿನ ಮೇಲೆ ಮೇಣದ ದಿಂಡು ಕೂರಿಸಿ ಕಚ್ಚಿಸಿದರು. ಅಳೆದರೆ ಅದೂ 66. "ಇದು ಜಾಸ್ತಿ ಆಯ್ತು" ಅಂತ ಮೇಣ ಕೆರೆದರು. ಮತ್ತೆ ಕಚ್ಚಿಸಿದರು, ಮತ್ತೆ ಕೆರೆದರು. 63ಕ್ಕೆ ಬಂದ ಮೇಲೆ ನಿಲ್ಲಿಸಿದರು. ನಾವು ಸುಮ್ನೆ ಕೂತಿರುವಾಗ ತುಟಿ ಮುಚ್ಚಿದ್ದರೂ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಿರುವುದಿಲ್ಲ, 2ರಿಂದ 4 ಮಿಲಿಮೀಟರ್ ಬಿಡುವು ಇರುತ್ತದೆ ಅಂತೆ. ಈಗ ಓದುತ್ತಾ ನೀವೇ ನೋಡಿಕೊಳ್ಳಿ, ಇದೆ ಅಲ್ವಾ? ಇಷ್ಟು ವರ್ಷ ಇದೇ ಬಾಯಿ ಇಟ್ಟುಕೊಂಡು ನಾನು ಗಮನಿಸಿರಲಿಲ್ಲ. ಆ ಬಿಡುವು ಇಲ್ಲದೆ ಸೆಟ್ಟು ಮಾಡಿದರೆ ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತದೆ, ದವಡೆ ನೋಯುತ್ತದೆ. ಬಿಡುವು ಜಾಸ್ತಿಯಾದರೆ ಮುಖ ಕುಗ್ಗಿದಂತೆ ಕಾಣುತ್ತದೆ, ಬಾಯಿಯ ಮೂಲೆ ಮಡಿಚಿಕೊಂಡು ಒದ್ದೆಯಾಗಿ ಒಡೆಯುತ್ತದೆ. ಒಂದೆರಡು ಮಿಲಿಮೀಟರಿನ ಮೇಲೆ ಇಷ್ಟೆಲ್ಲ ನಿಂತಿದೆ.

ಎಲ್ಲ ಮುಗಿಯಿತು ಅನ್ನುವಾಗ ಅಮ್ಮ ಕೇಳಿದಳು, "ಮೊದಲು ಎಷ್ಟಿತ್ತು?"

"ಏನಮ್ಮ?"

"ನನ್ನ ಮುಖ. ಹಲ್ಲಿದ್ದಾಗ ಇಲ್ಲಿಂದ ಇಲ್ಲಿಗೆ ಎಷ್ಟಿತ್ತು?"

ಡಾಕ್ಟರಮ್ಮ ಸ್ಕೇಲ್ ಕೆಳಗಿಟ್ಟು ಅವಳ ಪಕ್ಕ ಕೂತರು. ಹಲ್ಲು ಕೀಳುವ ಮೊದಲೇ ಅಳೆದಿಟ್ಟಿದ್ದರೆ ಗೊತ್ತಾಗುತ್ತಿತ್ತು, ಯಾರೂ ಅಳೆದಿಲ್ಲ ಅಂದರು. ಹೌದು, ಅಮ್ಮನ ಹಲ್ಲುಗಳು ಒಂದೊಂದಾಗಿ, ಒಂದೊಂದು ಕಡೆ ಹೋದವು. ಕೀಳಿಸಲು ಪ್ರತಿ ಸಲ ಜೊತೆಗೆ ಹೋದವಳು ನಾನು. ಎಷ್ಟು ಉಳಿದಿವೆ ಅಂತ ಎಣಿಸಿದ್ದೇನೆ. ಮುಖವನ್ನು ಅಳೆದಿಡಬೇಕು ಅಂತ ತೋಚಲೇ ಇಲ್ಲ.

"ಹಳೇ ಫೋಟೋ ಇದ್ರೆ ತನ್ನಿ" ಅಂದರು. ನೇರ ನೋಡುತ್ತಿರಬೇಕು, ಹಲ್ಲು ಕೂಡಿರಬೇಕು. ದೊಡ್ಡವರಾದ ಮೇಲೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಹೆಚ್ಚು ಕಡಿಮೆ ಬದಲಾಗುವುದಿಲ್ಲ. ಫೋಟೋದಲ್ಲಿ ಅದು 12 ಮಿಲಿಮೀಟರ್ ಇದ್ದು, ಅಮ್ಮನ ಮುಖದಲ್ಲಿ 60 ಇದ್ದರೆ, ಫೋಟೋದ ಮೂಗು-ಗದ್ದದ ಅಳತೆಯನ್ನೂ ಐದರಿಂದ ಗುಣಿಸಿದರಾಯಿತು. ಎಷ್ಟು ಸರಳ!

ಮಧ್ಯಾಹ್ನ ಕೆಲಸಕ್ಕೆ ಕೂತೆ. ಮನಸ್ಸು ಮೊದಲೇ ಸರಿ ಇರಲಿಲ್ಲ. ರೋಗಿಗಳಿಗೆ ಕೊಡುವ ಕರಪತ್ರ ಕನ್ನಡಕ್ಕೆ ಮಾಡುವುದು ನನ್ನ ಕೆಲಸ ಅಂತ ನಿಮಗೆ ಗೊತ್ತಲ್ಲ. ಹೋದ ತಿಂಗಳು ಕೊಟ್ಟ ಒಂದು ಹಾಳೆ ವಾಪಸ್ ಬಂದಿತ್ತು. ಪಾದದ ಡಾರ್ಸಮ್‌ಗೆ ಮುಲಾಮು ಹಚ್ಚಿ ಅಂತ ಇದ್ದದ್ದನ್ನು ನಾನು "ಪಾದದ ಹಿಂಭಾಗ" ಅಂತ ಬರೆದಿದ್ದೆ. ಡಾರ್ಸಮ್ ಅಂದರೆ ಬೆನ್ನು, ಬೆನ್ನು ಅಂದರೆ ಹಿಂದೆ. ಅಲ್ಲೇ ತಪ್ಪಿದ್ದು. ಪಾದಕ್ಕೆ ಬೆನ್ನು ಅಂದರೆ ಮೇಲ್ಗಡೆ, ನಾವು ತಲೆ ಬಗ್ಗಿಸಿದರೆ ಕಾಣುವ ಕಡೆ. ನಾಲ್ಕು ಕಾಲಿನ ಪ್ರಾಣಿಯನ್ನು ನೆನೆಸಿಕೊಳ್ಳಿ, ಬೆನ್ನೂ ಆಕಾಶಕ್ಕೆ, ಪಾದದ ಮೇಲ್ಮೈಯೂ ಆಕಾಶಕ್ಕೆ. ನಾಲಿಗೆಯ ಮೇಲ್ಮೈಗೂ, ಮೂಗಿನ ದಿಣ್ಣೆಗೂ ವೈದ್ಯರು ಅದೇ ಹೆಸರು ಹೇಳುತ್ತಾರೆ. ನನ್ನ ಹಾಳೆ ಓದಿದವರು ಹಿಮ್ಮಡಿಗೆ ಮುಲಾಮು ಹಚ್ಚುತ್ತಿದ್ದರು. ಅಚ್ಚಾಗುವ ಮೊದಲೇ ಯಾರೋ ಹಿಡಿದರು, ಸರಿ. ಹಿಡಿಯದೇ ಇದ್ದಿದ್ದರೆ?

ಅಮ್ಮನ ಮುಂದೆ ಕಾಲು ಚಾಚಿ, ಬೆರಳಿಟ್ಟು ತೋರಿಸಿ ಕೇಳಿದೆ, "ಇದಕ್ಕೇನಂತೀಯ?"

"ಮೇಗಾಲು" ಅಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಕೆಳಗೆ ಅಂಗಾಲು, ಮೇಲೆ ಮೇಗಾಲು. ಎಷ್ಟು ಚೆನ್ನಾಗಿದೆ! ನಾನು ಮೂರು ನಿಘಂಟು ತೆರೆದುಕೊಂಡು ಕೂತಿದ್ದೆ.

ಹುರುಪು ಬಂದು ಕೇಳುತ್ತಾ ಹೋದೆ. ಅಂಗೈಯ ಆಚೆ ಬದಿಗೆ? "ಮುಂಗೈ" ಅಂದಳು. ನಾನು ಮುಂಗೈ ಅನ್ನುವುದು ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗಕ್ಕೆ. ಒಂದೇ ಮನೆಯಲ್ಲಿ ಎರಡು ಅರ್ಥ! ಹಾಗಾಗಿ ಅದನ್ನು ಹಾಳೆಯಲ್ಲಿ ಬರೆಯುವ ಹಾಗಿಲ್ಲ, "ಕೈಯ ಹೊರಮೈ, ಉಗುರು ಕಾಣುವ ಕಡೆ" ಅಂತ ಬಿಡಿಸಿಯೇ ಹೇಳಬೇಕು. ಎರಡು ಹುಬ್ಬುಗಳ ನಡುವೆ? ವೈದ್ಯರಿಗೆ ಅದು ಗ್ಲಾಬೆಲ್ಲಾ, ಕೂದಲಿಲ್ಲದ ನುಣುಪು ಜಾಗ ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. ಅಮ್ಮ "ಹುಬ್ಬಿನ ನಡು" ಅಂದಳು. ಮೂಗಿನ ಕೆಳಗೆ, ಮೇಲ್ದುಟಿಯ ಮೇಲೆ ಒಂದು ಸಣ್ಣ ಕಾಲುವೆ ಇದೆಯಲ್ಲ, ಅದಕ್ಕೆ? ಅಮ್ಮ ಅಲ್ಲಿ ಬೆರಳಿಟ್ಟುಕೊಂಡು ತುಂಬಾ ಹೊತ್ತು ಸುಮ್ಮನಿದ್ದಳು. "ಇಲ್ಲಿಗೆ ಏನೂ ಅನ್ನಲ್ಲಪ್ಪ" ಅಂದಳು. ಆಮೇಲೆ ಬೆರಳನ್ನು ಹಾಗೇ ಗದ್ದದವರೆಗೆ ಇಳಿಸಿದಳು, ಅಳೆಯುವವಳ ಹಾಗೆ.

ರಾತ್ರಿ ಆಲ್ಬಮ್ ತೆಗೆದೆ. ಇರುವುದೇ ಎರಡು ಆಲ್ಬಮ್. ಒಂದು ಫೋಟೋದಲ್ಲಿ ಅಮ್ಮ ಪಕ್ಕಕ್ಕೆ ತಿರುಗಿದ್ದಾಳೆ. ಇನ್ನೊಂದರಲ್ಲಿ ನನ್ನ ತಲೆ ಅವಳ ಗದ್ದಕ್ಕೆ ಅಡ್ಡ. ಆರೇಳರಲ್ಲಿ ಅವಳೇ ಇಲ್ಲ, ಯಾಕಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದವಳೇ ಅವಳು. ಕೊನೆಗೆ ಒಂದು ಸಿಕ್ಕಿತು. ನೇರ ನೋಡುತ್ತಿದ್ದಾಳೆ, ಎರಡೂ ಕಣ್ಣು ಸ್ಪಷ್ಟ, ಬೆಳಕೂ ಚೆನ್ನಾಗಿದೆ. ಎಲ್ಲ ಹಲ್ಲೂ ಕಾಣುವ ಹಾಗೆ ಬಾಯ್ತುಂಬ ನಗುತ್ತಿದ್ದಾಳೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಒಂದು ಬೆರಳಷ್ಟು ಸಂದು.

ಸ್ಕೇಲ್ ಇಟ್ಟೆ. ತೆಗೆದೆ. ಬಾಯಿ ತೆರೆದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಈ ಅಳತೆ ಹಿಡಿದು ಹಲ್ಲು ಕಟ್ಟಿಸಿದರೆ ಅವಳಿಗೆ ತುಟಿ ಮುಚ್ಚಲೂ ಆಗುವುದಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಒಂದು ಇರಬೇಕು, ಇಬ್ಬರೂ ಅಕ್ಕಪಕ್ಕ ಕುರ್ಚಿಯಲ್ಲಿ ಕೂತದ್ದು. ಅದರಲ್ಲಿ ಅಮ್ಮ ನಗುತ್ತಿರಲಿಲ್ಲ ಅಂತ ನೆನಪು. ಈಗ ಹತ್ತೂವರೆ, ಚಿಕ್ಕಮ್ಮ ಮಲಗಿರುತ್ತಾಳೆ, ಆದರೂ ಒಂದು ಮೆಸೇಜ್ ಹಾಕಿದರೆ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಾಳೆ.